ಎಡಗಣ್ಣಿನ ಬಾಯಿಪಾಠ

"ಇನ್ನೊಂದು ಸಲ ಹೇಳು ಮಗಾ," ಎಂದ ಭೋಜರಾಜ. ಹೇಳಿದ ಮೇಲೆ, ತನ್ನ ಬಾಯಿಂದ ಬಂದದ್ದು ಮನೆಯ ದನಿಯಲ್ಲ, ಮಸ್ಕತ್ತಿನ ಘಾಲಾದ ವರ್ಕ್‌ಶಾಪಿನಲ್ಲಿ ಹೊಸದಾಗಿ ಬಂದಿಳಿದ ಕೆಲಸಗಾರರನ್ನು ಸಾಲಾಗಿ ನಿಲ್ಲಿಸಿ ಮಾತಾಡುವಾಗ ಬರುವ ದನಿ ಎಂದು ಅವನಿಗೇ ಅನ್ನಿಸಿ ಕನ್ನಡಿಯಲ್ಲಿ ಮಗಳ ಮುಖ ನೋಡಿದ. ಹಿಂದಿನ ಸೀಟಿನಲ್ಲಿ ಪ್ರಣೀತಾ ನೀರಿನ ಬಾಟಲಿಯ ಮುಚ್ಚಳ ಕಚ್ಚುತ್ತ, ಎಂದಿನಂತೆ ಕುತ್ತಿಗೆಯನ್ನು ಒಂದು ಬದಿಗೆ ಓರೆ ಮಾಡಿಕೊಂಡು, ಸೀಬ್ ಪೇಟೆಯ ವೃತ್ತದಲ್ಲಿ ಮುಂದೆ ಹೋಗಲಾಗದೆ ನಿಂತಿದ್ದ ಶಾಲಾ ಬಸ್ಸುಗಳನ್ನು ನೋಡುತ್ತಿದ್ದಳು. ಮೂರನೇ ಕ್ಲಾಸು, ಎಂಟು ವರ್ಷ. ಮುಚ್ಚಳ ಬಾಯಿಂದ ತೆಗೆದು, "ಇ. ಎಫ್ ಪಿ. ಟಿ ಓ ಝೆಡ್. ಎಲ್ ಪಿ ಇ ಡಿ," ಎಂದು ರಾಗವಾಗಿ ಶುರುಮಾಡಿದಳು. ರಾಗ ಅವನೇ ಕಲಿಸಿದ್ದು, ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು ಎಂದು ತಾನು ಮಗ್ಗಿ ಕಲಿತ ರಾಗ. ಒಂದು ವಾರದಿಂದ ಸಂಜೆ ಮಗ್ರಿಬಿನ ಬಾಂಗ್ ಮುಗಿದ ಮೇಲೆ, ಹೆಂಡತಿ ಮೋಹಿನಿ ಕೊರಿಯರ್ ಆಫೀಸಿನಿಂದ ಬರುವುದರೊಳಗೆ, ಫ್ಲಾಟಿನ ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ಅಪ್ಪ ಮಗಳು ಅತ್ತಿಂದಿತ್ತ ನಡೆಯುತ್ತ ಕಣ್ಣು ಪರೀಕ್ಷೆಯ ಫಲಕದ ಆ ಎಂಟು ಸಾಲುಗಳನ್ನು ಬಾಯಿಪಾಠ ಮಾಡಿದ್ದರು. ಕೊನೆಯ ಸಾಲಿನ "ಡಿ ಇ ಎಫ್ ಪಿ ಓ ಟಿ ಇ ಸಿ" ಬಂದಾಗ ಅವಳ ಉಸಿರು ಮುಗಿದಿತ್ತು.

"ರಾಗ ಬೇಡ. ರಾಗ ಎಳೆದ್ರೆ ಅವರಿಗೆ ಗೊತ್ತಾಗ್ತದೆ. ಓದಿದ ಹಾಗೆ ಹೇಳ್ಬೇಕು, ಮಧ್ಯ ಒಂದು ಸ್ವಲ್ಪ ನಿಲ್ಲಿಸಿ."

"ಆ್ಯಕ್ಟಿಂಗಾ ಪಪ್ಪಾ?"

"ಆ್ಯಕ್ಟಿಂಗ್ ಎಂತದೂ ಅಲ್ಲ. ನರ್ಸು ಕೋಲು ಕುಟ್ಟಿದ ಸದ್ದು ಎಣಿಸು. ಒಂದು ಕುಟ್ಟಿದ್ರೆ ಒಂದು ಸಾಲು. ಅಷ್ಟೇ."

"ಐ ನೋ, ಐ ನೋ," ಎಂದು ಅವಳು ಮತ್ತೆ ಮುಚ್ಚಳ ಬಾಯಿಗಿಟ್ಟುಕೊಂಡಳು. ಅವಳಿಗೆ ಇದೊಂದು ಆಟ. ಅಪ್ಪ ತನ್ನೊಡನೆ ಒಂದು ವಾರ ದಿನಾ ಅರ್ಧ ಗಂಟೆ ನಡೆದದ್ದು ಇದೇ ಮೊದಲು. ಆ ಸಂತೋಷ ಅವಳಲ್ಲಿ ಎದ್ದು ಕಾಣುತ್ತಿದ್ದದ್ದೇ ಭೋಜರಾಜನನ್ನು ಎಲ್ಲೋ ಒಳಗೆ ಚುಚ್ಚುತ್ತಿತ್ತು.

ಹದಿನೆಂಟು ವರ್ಷಗಳಿಂದ ಅವನು ಮಾಡುತ್ತ ಬಂದದ್ದು ಇದೇ ಕೆಲಸ. ಕಬ್ಬಿಣದ ಗೇಟು, ಗ್ರಿಲ್ಲು ಮಾಡುವ ಕಂಪನಿ. ಭೋಜರಾಜ ಅಲ್ಲಿ ಕಾಗದಪತ್ರದ ಮನುಷ್ಯ. ಬಂದವರನ್ನು ಮೆಡಿಕಲ್ಲಿಗೆ ಕರೆದೊಯ್ಯುವುದು, ಸಾಲಿನಲ್ಲಿ ನಿಲ್ಲಿಸುವುದು, ಚೀಟಿ ತರುವುದು. ಊರಲ್ಲಿ ಮೆಡಿಕಲ್ ಎಂದರೆ ಔಷಧದ ಅಂಗಡಿ. ಇಲ್ಲಿ ಅದು ವೀಸಾಕ್ಕಾಗಿ ಮಾಡುವ ಮೈ ಪರೀಕ್ಷೆ, ಗಂಡಸರು ಹೆದರುವ ಮಾತು. ಫಿಟ್ ಎಂದರೆ ಮನೆ ಕಟ್ಟಿಸಬಹುದು, ತಂಗಿಯ ಮದುವೆ ಮಾಡಬಹುದು. ಅನ್‌ಫಿಟ್ ಎಂದರೆ ಖಲಾಸ್, ಮುಂದಿನ ವಿಮಾನ. ಎರಡೇ ಎರಡು ಮಾತು, ಮೂರನೆಯದಿಲ್ಲ. ಶಹೀದ್ ಎಂಬ ಹುಡುಗ, ನಗುಮುಖದವನು, ಎದೆಯ ಫೋಟೋದಲ್ಲಿ ಬಿಳಿ ಚುಕ್ಕೆ ಬಂದು ಒಂದೇ ವಾರದಲ್ಲಿ ವಾಪಸು ಹೋದ. ವಿಮಾನ ನಿಲ್ದಾಣಕ್ಕೆ ಬಿಡಲು ಹೋದವನು ಭೋಜರಾಜನೇ. ಹುಡುಗನ ಪೆಟ್ಟಿಗೆಗೆ ಊರಲ್ಲಿ ಕಟ್ಟಿದ ಹಗ್ಗ ಬಿಚ್ಚಿಯೇ ಇರಲಿಲ್ಲ. ಅಂದಿನಿಂದ ಅವನು ಎಲ್ಲರಿಗೂ ಮೊದಲೇ ಪಾಠ ಹೇಳತೊಡಗಿದ. ಕೇಳಿದ್ದಕ್ಕೆಲ್ಲ ಇಲ್ಲ ಅನ್ನಬೇಕು. ಕೆಮ್ಮು ಇಲ್ಲ, ಜ್ವರ ಇಲ್ಲ, ಮನೆಯಲ್ಲಿ ಯಾರಿಗೂ ಏನೂ ಇಲ್ಲ. ಕೆಲಸಗಾರ ಶರ್ಫುದ್ದೀನನಿಗೆ ಡ್ರೈವಿಂಗ್ ಲೈಸೆನ್ಸ್ ಬೇಕಾದಾಗ ಕನ್ನಡಕದ ಅಂಗಡಿಯ ಅಕ್ಷರದ ಫಲಕವನ್ನು ಬಾಯಿಪಾಠ ಮಾಡಿಸಿದವನೂ ಅವನೇ. ಕಣ್ಣೂ ಸರಿಯಾಗಿ ಕಾಣದ, ಇಂಗ್ಲಿಷಿನ ಒಂದಕ್ಷರ ಓದಲೂ ಬಾರದ ಶರ್ಫುದ್ದೀನ್ ಅದನ್ನು ಪ್ರಾರ್ಥನೆಯ ಹಾಗೆ ಕಣ್ಣು ಮುಚ್ಚಿ ಕಲಿತಿದ್ದ. ಈಗ ಕಂಪನಿಯ ಪಿಕಪ್ ಓಡಿಸುತ್ತಾನೆ. ಹಿಂದಕ್ಕೆ ತೆಗೆಯುವಾಗ ಕೊಕ್ಕರೆಯ ಹಾಗೆ ಇಡೀ ಕುತ್ತಿಗೆ ತಿರುಗಿಸುತ್ತಾನೆ. ಎಡಗಡೆಯ ಕನ್ನಡಿ ಮೂರು ಸಲ ಒಡೆದಿದೆ. ವರ್ಕ್‌ಶಾಪಿನವರು ನಗುತ್ತಾರೆ, ಭೋಜರಾಜನೂ ನಗುತ್ತಾನೆ, ಆಮೇಲೆ ಪಿಕಪ್ ಗೇಟು ದಾಟಿ ಮರೆಯಾಗುವ ತನಕ ಸುಮ್ಮನೆ ನಿಂತು ನೋಡುತ್ತಾನೆ. ಅವನಿಗೆ ಅಲ್ಲಿ ಮೆಡಿಕಲ್ ಮಾಸ್ಟರ್ ಎಂದು ಹೆಸರು. ಆ ಹೆಸರು ಅವನಿಗೆ ಹಿಡಿಸಿತ್ತು ಎಂಬುದನ್ನು ಮುಚ್ಚಿಡುವಂತಿಲ್ಲ.

ಮಕ್ಕಳ ಆರೋಗ್ಯ ತಪಾಸಣೆ ಇದೆಯೆಂದು ಶಾಲೆಯಿಂದ ಕಾಗದ ಬಂದಾಗ ಮೋಹಿನಿ ಅದನ್ನು ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿ, "ಒಳ್ಳೆದಾಯ್ತು. ಇವಳು ಟಿವಿಗೆ ಮೂಗು ತಾಗಿಸಿ ಕೂತ್ಕೊಳ್ತಾಳೆ, ಕಣ್ಣು ನೋಡ್ಲಿ ಒಮ್ಮೆ," ಎಂದಿದ್ದಳು. "ಊರಿಗೆ ಹೋಗುವಾಗ ತೋರಿಸಿದ್ರಾಯ್ತಲ್ಲ," ಎಂದಿದ್ದ ಅವನು. ಅದರಲ್ಲಿ ಆಶ್ಚರ್ಯ ಪಡುವಂಥದ್ದೇನೂ ಇರಲಿಲ್ಲ. ಮಸ್ಕತ್ತಿನಲ್ಲಿರುವ ಅವರ ಕಡೆಯವರ ಕಾಯಿಲೆಗಳೆಲ್ಲ ಜೂನ್ ತಿಂಗಳಿಗೆ ಕಾಯುತ್ತವೆ. ಹಲ್ಲು, ಮೊಣಕಾಲು, ಸಕ್ಕರೆ, ಹೆಂಗಸರ ಹೊಟ್ಟೆನೋವು, ಎಲ್ಲವನ್ನೂ ಒಂದು ಸೂಟ್‌ಕೇಸಿನಲ್ಲಿ ತುಂಬಿದ ಹಾಗೆ ರಜೆಗೆ ಊರಿಗೆ ಒಯ್ಯುತ್ತಾರೆ, ಮಂಗಳೂರಿನ ಡಾಕ್ಟರರ ಮುಂದೆ ಬಿಚ್ಚುತ್ತಾರೆ. ಮೋಹಿನಿ ಗಂಡನ ಮುಖವನ್ನು ಒಂದು ಕ್ಷಣ ದಿಟ್ಟಿಸಿ, "ನಿಮ್ಗೆಂತ ಹೆದ್ರಿಕೆಯಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅನ್ನ ಬಸಿಯಲು ಹೋಗಿದ್ದಳು. ಅವಳಿಗೆ ಗೊತ್ತಿಲ್ಲದ ಒಂದು ಸಂಗತಿ ಅವನಿಗೆ ಗೊತ್ತಿತ್ತು. ಎರಡು ತಿಂಗಳ ಹಿಂದೆ ಒಂದು ಶುಕ್ರವಾರ ಸೀಬಿನ ಕಡಲ ದಂಡೆಯಲ್ಲಿ ಅಪ್ಪ ಮಗಳು ಒಂದು ಕಣ್ಣು ಮುಚ್ಚಿ ದೋಣಿ ಎಣಿಸುವ ಆಟ ಆಡಿದ್ದರು. ಬಲಗಣ್ಣು ಮುಚ್ಚಿದ ಕೂಡಲೇ ಪ್ರಣೀತಾ, "ಪಪ್ಪಾ, ಬೋಟೆಲ್ಲ ಹೋಯ್ತು," ಎಂದು ನಕ್ಕಿದ್ದಳು. ಇಪ್ಪತ್ತು ಹೆಜ್ಜೆ ಆಚೆ ಏಳು ದೋಣಿಗಳು ಮರಳಿನ ಮೇಲೆ ಬಿದ್ದಿದ್ದವು. ಅವನೂ ನಕ್ಕುಬಿಟ್ಟಿದ್ದ. ಯಾಕೆ ನಕ್ಕೆ ಎಂಬುದು ಇಂದಿಗೂ ಗೊತ್ತಾಗಿಲ್ಲ. ಹಿಂದೆ ಬರುವಾಗ ಐಸ್‌ಕ್ರೀಂ ಕೊಡಿಸಿದ್ದ. ಆ ರಾತ್ರಿಯಿಂದ ಅವನ ತಲೆಯೊಳಗೆ ಒಂದು ಕಾಗದ ಓಡಾಡುತ್ತಿತ್ತು: ಮಗುವಿನ ಹೆಸರು, ಅದರ ಮುಂದೆ ಯಾರೋ ಬರೆದ ಒಂದು ಮಾತು, ಆ ಕಾಗದ ಶಾಲೆಯಿಂದ ಎಲ್ಲೆಲ್ಲೋ ಹೋಗಿ, ಸರಕಾರದ ಯಾವುದೋ ಮೇಜು ತಲುಪಿ, ಕುಟುಂಬದ ವೀಸಾ ಹೊಸತು ಮಾಡುವ ದಿನ ಅವನ ಎದುರಿಗೆ ಬಂದು ಬೀಳುವುದು. ಹಾಗೆ ಎಲ್ಲಿಯೂ ಬರೆದಿರಲಿಲ್ಲ. ಆದರೆ ಹದಿನೆಂಟು ವರ್ಷ ಒಂದೇ ಬಾಗಿಲು ನೋಡಿದವನಿಗೆ ಎಲ್ಲ ಬಾಗಿಲೂ ಅದೇ ಬಾಗಿಲಿನ ಹಾಗೆ ಕಾಣುತ್ತದೆ. ಶಾಲೆಯ ಅರ್ಜಿಯಲ್ಲಿ ಕೇಳಿದ ಹದಿನಾಲ್ಕು ಪ್ರಶ್ನೆಗಳಿಗೂ ಇಲ್ಲ, ಇಲ್ಲ, ಇಲ್ಲ ಎಂದು ಅಚ್ಚುಕಟ್ಟಾಗಿ ಬರೆದು ಸಹಿ ಹಾಕಿದ್ದ.

ಶಾಲೆಯ ಗೇಟಿನಲ್ಲಿ ಖದೀಜಮ್ಮ ನಿಂತಿದ್ದಳು. ಉಳ್ಳಾಲದ ಕಡೆಯ ಹೆಂಗಸು, ಇಪ್ಪತ್ತೆರಡು ವರ್ಷದಿಂದ ಅಲ್ಲಿ ಆಯಾ, ಊರಿನವರನ್ನು ಕಂಡರೆ ಕನ್ನಡ ಮಾತಾಡದೆ ಬಿಡುವವಳಲ್ಲ. ಮೂರನೇ ಕ್ಲಾಸಿನ ತಂದೆತಾಯಿಯರು ಮಕ್ಕಳ ಜೊತೆಗೇ ಅಸೆಂಬ್ಲಿ ಹಾಲಿಗೆ ಹೋಗಬೇಕೆಂದು ಕೈ ತೋರಿಸುತ್ತ, ಭೋಜರಾಜನ ಹಣೆ ನೋಡಿ, "ಎಂತ ಭೋಜಣ್ಣ, ಹೀಗೆ ಬೆವರ್ತೀರಿ? ಪರೀಕ್ಷೆ ಮಗಳಿಗಾ ನಿಮಗಾ?" ಎಂದಳು.

"ಸೆಕೆ ಅಲ್ವಾ ಖದೀಜಮ್ಮ."

"ಫೆಬ್ರವರಿಯಲ್ಲಿ ಸೆಕೆ! ಏಸಿ ಒಳಗಿಂದ ಈಗ ಇಳಿದದ್ದು ನೀವು." ಅವಳು ಪ್ರಣೀತಾಳ ಜಡೆಯ ರಿಬ್ಬನ್ ಸರಿಮಾಡಿ, "ಹೋಗು ಬಾಲೆ, ಸೂಜಿ ಇಲ್ಲ ಇವತ್ತು. ಅಪ್ಪನಿಗೆ ಬೇಕಾದ್ರೆ ಒಂದು ಹಾಕ್ಸುವ," ಎಂದಾಗ ಸುತ್ತಲಿದ್ದ ನಾಲ್ಕಾರು ಮಕ್ಕಳು ನಕ್ಕವು. ಭೋಜರಾಜನೂ ಬಾಯಿ ಅಗಲಿಸಿದ, ಆದರೆ ಆ ನಗೆ ಹಾಲಿನ ಬಾಗಿಲು ತಲುಪುವ ತನಕ ಹೋಗದೆ ಮುಖದ ಮೇಲೇ ಅಂಟಿಕೊಂಡಿತ್ತು.

ಬಾಗಿಲು ತೆರೆದಾಗ ಮೊದಲು ಬಂದದ್ದು ವಾಸನೆ. ಸ್ಪಿರಿಟ್, ಹತ್ತಿ, ಮಕ್ಕಳ ಸಾಕ್ಸಿನ ಬೆವರು, ಎಲ್ಲ ಬೆರೆತು ಮೂಗಿಗೆ ಹೊಡೆದ ಕ್ಷಣಕ್ಕೆ ಭೋಜರಾಜನ ಕಾಲು ಹೊಸ್ತಿಲಲ್ಲೇ ನಿಂತಿತು. ನಲವತ್ತು ವರ್ಷಗಳಿಂದ ಆ ವಾಸನೆ ಎಲ್ಲಿ ಅಡಗಿ ಕೂತಿತ್ತೋ. ಕಾಪುವಿನ ಹತ್ತಿರದ ಶಾಲೆಯ ಜಗಲಿ. ಆರೋಗ್ಯ ಕೇಂದ್ರದ ಜೀಪು ಬಂತೆಂದರೆ ಆ ದಿನ ಪಾಠವಿಲ್ಲ. ಹುಡುಗರೆಲ್ಲ ಅಂಗಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಗೋಡೆಗುಂಟ ಸಾಲು ನಿಲ್ಲಬೇಕು. ಕಡಲ ಗಾಳಿಗೆ ಎಲ್ಲರ ಮೈಯೂ ನವಿರೆದ್ದು ಒಬ್ಬರ ಪಕ್ಕೆಲುಬು ಇನ್ನೊಬ್ಬರು ಬೆರಳಿನಲ್ಲಿ ಎಣಿಸಿ ಕಚಗುಳಿ ಇಡುತ್ತಿದ್ದರು. ಜೀಪಿನಿಂದ ಕಬ್ಬಿಣದ ತೂಕದ ಯಂತ್ರವನ್ನು ಇಬ್ಬರು ಹೊತ್ತು ತರುವುದು ದೇವರ ಮೂರ್ತಿ ತಂದಷ್ಟು ಗಂಭೀರವಾದ ಸಂಗತಿ. ಹೊನ್ನಪ್ಪ ಮಾಸ್ಟ್ರು ಘಟ್ಟದ ಮೇಲಿನವರು, ಮಂಡ್ಯದ ಆಚೆಯ ಯಾವುದೋ ಊರಿನಿಂದ ವರ್ಗವಾಗಿ ಬಂದವರು. ಮುಳ್ಳು ನಿಲ್ಲುವ ತನಕ ಬಗ್ಗಿ ನೋಡಿ ಇಡೀ ಶಾಲೆಗೆ ಕೇಳುವ ಹಾಗೆ ಕೂಗುತ್ತಿದ್ದರು: "ಹದಿನೆಂಟೂವರೆ! ಏನ್ಲಾ ಭೋಜ, ಜೋರಾಗಿ ಗಾಳಿ ಬಂದ್ರೆ ಹಾರೋಗ್ತೀಯ ಕಣ್ಲಾ, ಜೇಬಲ್ಲಿ ಎರಡು ಕಲ್ಲಿಟ್ಕೊ." ಆ ಕೂಗಿನಲ್ಲಿ ಅವಮಾನವಿತ್ತು, ಆದರೆ ಅದರ ಅಡಿಯಲ್ಲಿ ಒಂದು ಬೆಚ್ಚಗಿನದೂ ಇತ್ತು. ವರ್ಷಕ್ಕೊಮ್ಮೆಯಾದರೂ ಯಾರೋ ಒಬ್ಬರು ಪೇಟೆಯಿಂದ ಜೀಪು ಮಾಡಿಕೊಂಡು, ಅವರನ್ನು ನೋಡುವುದಕ್ಕೆಂದೇ ಬರುತ್ತಿದ್ದರು. ರೆಪ್ಪೆ ಕೆಳಗೆಳೆದು ಕಣ್ಣು ನೋಡುತ್ತಿದ್ದರು, ನಾಲಿಗೆ ನೋಡುತ್ತಿದ್ದರು, ಬೆನ್ನಿನ ಮೇಲೆ ಬೆರಳು ಬಡಿದು ಬಾವಿಗೆ ಕಲ್ಲು ಹಾಕಿ ಆಳ ಕೇಳುವವರ ಹಾಗೆ ಕಿವಿಗೊಡುತ್ತಿದ್ದರು. ಡಾಕ್ಟರರ ಕೈ ತಣ್ಣಗಿರುತ್ತಿತ್ತು. ಅಷ್ಟು ಗಮನವಿಟ್ಟು ತನ್ನ ಮೈಯನ್ನು ಯಾರೂ ಮುಟ್ಟಿರಲಿಲ್ಲ ಎಂದು ಎಂಟು ವರ್ಷದ ಭೋಜನಿಗೆ ಅನ್ನಿಸಿತ್ತು. ಕಾಯಿಲೆ ಸಿಕ್ಕಿದವರಿಗೆ ಕೆಂಪು ಟಾನಿಕ್ಕಿನ ಬಾಟಲಿ ಸಿಗುತ್ತಿತ್ತು. ಸಿಗದವರು ಹೊಟ್ಟೆಕಿಚ್ಚು ಪಡುತ್ತಿದ್ದರು.

"ಸಾರ್, ಕೂತ್ಕೊಳಿ, ಇನ್ನೂ ಹತ್ತು ಮಕ್ಳಿದಾರೆ," ಎಂದು ಪಕ್ಕದ ಕುರ್ಚಿ ತೋರಿಸಿದವನು ನಂದನ್, ಮೈಸೂರಿನವನು, ಯಾವುದೋ ದೊಡ್ಡ ಕಂಪನಿಯಲ್ಲಿ ಇಂಜಿನಿಯರ್. ಅವನ ಮಗ ತೇಜಸ್ವಿ ಪ್ರಣೀತಾಳ ಕ್ಲಾಸೇ. ಅವನದೂ ತಿಳಿನೀಲಿ ಅಂಗಿ, ಭೋಜರಾಜನದೂ ತಿಳಿನೀಲಿ ಅಂಗಿ. ಮಸ್ಕತ್ತಿನ ಆಫೀಸುಗಳಿಗೆ ಹೋಗುವ ಅರ್ಧ ಗಂಡಸರದು ಅದೇ ಬಣ್ಣ. "ನನ್ ಮಗಂಗೆ ಹೋದ್ವರ್ಷನೇ ಕನ್ನಡಕ ಬಂತು ನೋಡಿ. ನನ್ನಿಂದಾನೇ ಅಂತಾಳೆ ಹೆಂಡ್ತಿ. ಎಲ್ಲಾ ನನ್ ಕಡೆಯಿಂದಾನೇ ಬರೋದು, ಒಳ್ಳೇದು ಮಾತ್ರ ಅವಳ ಕಡೆಯಿಂದ." ನಂದನ್ ಗಟ್ಟಿಯಾಗಿ ನಕ್ಕ. ಇಷ್ಟು ಸಲೀಸಾಗಿ ಈ ಮಾತನ್ನು ಆಡಬಹುದೆ ಎಂದು ಭೋಜರಾಜನಿಗೆ ಬೆರಗಾಯಿತು. ಇಂಜಿನಿಯರುಗಳಿಗೆ ಮೆಡಿಕಲ್ ಬೇರೆಯೇ ಇರಬೇಕು. ಅವರನ್ನು ಸಾಲಿನಲ್ಲಿ ನಿಲ್ಲಿಸುವವರಿಲ್ಲ. "ನಿಮ್ ಮಗಳಿಗೆ ಹೇಗೆ ಸಾರ್ ಕಣ್ಣು?" "ಫಸ್ಟ್ ಕ್ಲಾಸ್," ಎಂದ ಭೋಜರಾಜ. ಆ ಮಾತು ಬಾಯಿಂದ ಎಷ್ಟು ಬೇಗ ಹೊರಬಿತ್ತೆಂದರೆ ನಂದನ್ ಕತ್ತು ತಿರುಗಿಸಿ ಅವನನ್ನೊಮ್ಮೆ ನೋಡಿದ.

ಹಾಲಿನ ಆ ತುದಿಯಲ್ಲಿ ಫಲಕ ತೂಗುತ್ತಿತ್ತು. ಅದೇ ಫಲಕ, ಮೇಲೆ ದೊಡ್ಡ ಇ. ಭೋಜರಾಜನಿಗೆ ಒಂದು ನಿಟ್ಟುಸಿರು ಬಂತು. ಫಲಕದ ಬಳಿ ಕೋಲು ಹಿಡಿದು ನಿಂತವಳು ಫಿಲಿಪಿನೋ ನರ್ಸು. ಎದೆಯ ಚೀಟಿಯಲ್ಲಿ ಐಡಾ ಎಂದಿತ್ತು. ಪಕ್ಕದ ಮೇಜಿನಲ್ಲಿ ಡಾಕ್ಟರಮ್ಮ, ಐವತ್ತರ ಆಸುಪಾಸು, ಮಲಯಾಳದ ಕಡೆಯವಳಿರಬೇಕು, ಮಕ್ಕಳೊಡನೆ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಮಾತಾಡುತ್ತ ಗಂಟಲು, ಕಿವಿ, ಉಗುರು ನೋಡುತ್ತಿದ್ದಳು. ಕೆಲವು ತಾಯಂದಿರು ಮೇಜಿನ ಬಳಿ ಬಗ್ಗಿ ಏನೇನೋ ಹೇಳುತ್ತಿದ್ದರು. ಭೋಜರಾಜ ಕಣ್ಣು ಬೇರೆ ಕಡೆ ಹೊರಳಿಸಿದ. ಏಕೆಂದರೆ ಹಾಗೆ ಬಗ್ಗಿದ ಹೆಂಗಸಿನ ಬೆನ್ನನ್ನು ನೋಡಿದರೆ ಅವನಿಗೆ ಇಂದಿಗೂ ಕಿವಿ ಬಿಸಿಯಾಗುತ್ತದೆ. ಎರಡನೇ ಕ್ಲಾಸೋ ಮೂರನೆಯದೋ, ಅವನ ಸರದಿ ಬಂದು ಡಾಕ್ಟರು "ಏನಾದ್ರೂ ತೊಂದರೆ ಉಂಟಾ ಮಗಾ?" ಎಂದು ಕೇಳಿದಾಗ ಅವನು ಎದೆ ಸೆಟೆಸಿ "ಇಲ್ಲ" ಅಂದಿದ್ದ. ಆಗಲೇ ಜಗಲಿಯ ಕೆಳಗಿಂದ, "ಉಂಟು ಸ್ವಾಮೀ," ಎಂಬ ದನಿ ಕೇಳಿತು. ಅಮ್ಮ. ಬೀಡಿ ಕಟ್ಟುವುದನ್ನು ಅರ್ಧಕ್ಕೆ ಬಿಟ್ಟು, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಕೈತುಂಬ ಹೊಗೆಸೊಪ್ಪಿನ ವಾಸನೆಯೊಡನೆ ಬಂದಿದ್ದಳು. ಶಾಲೆಯ ಜಗಲಿ ಹತ್ತಿದ್ದು ಅದೇ ಮೊದಲಿರಬೇಕು, ಕಾಲು ಒರೆಸಿದಳು, ಒರೆಸಿದ ಮೇಲೂ ಅಂಚಿನಲ್ಲೇ ನಿಂತಳು. "ಇವ ರಾತ್ರಿ ಹಾಸಿಗೆ ಒದ್ದೆ ಮಾಡ್ತಾನೆ ಸ್ವಾಮೀ, ಹಲ್ಲು ಕಡಿತಾನೆ. ಇವನಿಗೆ ನಾಚಿಕೆ, ಹೇಳುದಿಲ್ಲ." ಗೋಡೆಗುಂಟ ನಗೆ ಹರಿದುಹೋಯಿತು. ಆ ವರ್ಷವೆಲ್ಲ ಅವನ ಹೆಸರು ಹೊಳೆ ಭೋಜ. ಮಳೆ ಬಂದರೆ, "ಭೋಜ ಮಲಗಿದಾನಾ ಮಾರಾಯ?" ಎಂದು ಕೇಳುತ್ತಿದ್ದರು. ಒಂದು ತಿಂಗಳು ಅಮ್ಮನೊಡನೆ ಅವನು ಮಾತು ಬಿಟ್ಟಿದ್ದ. ಡಾಕ್ಟರು ಕೊಟ್ಟ ಹುಳದ ಔಷಧ ಸಿಹಿಯಾಗಿತ್ತು, ಹಾಸಿಗೆ ಒಣಗಿತು, ಅದೆಲ್ಲ ಸರಿ. ಆದರೆ ಜಗಲಿಯ ಅಂಚಿನಲ್ಲಿ ಅಮ್ಮ ನಿಂತ ರೀತಿ, ಅಷ್ಟು ಜನರ ಎದುರು ಅವಳ ಮುಖ ಕೆಂಪೇರಿದ್ದು, ತಾನೇ ಏನೋ ತಪ್ಪು ಮಾಡಿದವಳ ಹಾಗೆ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡದ್ದು, ಇದನ್ನೆಲ್ಲ ಅವನು ನಿಜವಾಗಿ ಆ ದಿನ ನೋಡಿದ್ದನೆ, ಅಥವಾ ಈಗ ಈ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಾನೆಯೆ?

"ಪ್ರಣೀತಾ ಭೋಜರಾಜ್," ಎಂದು ನರ್ಸು ಕೂಗಿದಳು. "ಕಮ್, ಹಬೀಬ್ತಿ," ಎಂದು ಅರಬ್ಬಿಯಲ್ಲಿ ಮುದ್ದಾಗಿ ಕರೆದಳು.

ಪ್ರಣೀತಾ ನೆಲದ ಮೇಲೆ ಅಂಟಿಸಿದ ಹಳದಿ ಪಟ್ಟಿಯ ಮೇಲೆ ನಿಂತಳು. ಸೌಟಿನ ಆಕಾರದ ಒಂದು ಕಪ್ಪು ಪ್ಲಾಸ್ಟಿಕ್ಕನ್ನು ನರ್ಸು ಅವಳ ಎಡಗಣ್ಣಿಗೆ ಅಡ್ಡ ಹಿಡಿಸಿದಳು. ಬಲಗಣ್ಣಿನಲ್ಲಿ ಅವಳು ನಿಜವಾಗಿಯೇ ಓದಿದಳು, ತಡವರಿಸದೆ, ಕೊನೆಯ ಸಾಲಿನ ತನಕ. ಆಮೇಲೆ ಸೌಟು ಬಲಗಣ್ಣಿಗೆ ಬಂತು. ಭೋಜರಾಜನ ಬೆರಳುಗಳು ಮೊಣಕಾಲಿನ ಮೇಲೆ ತಾವಾಗಿ ಮಡಚಿಕೊಂಡವು. ನರ್ಸು ದಣಿದಿದ್ದಳು, ಬೆಳಗಿನಿಂದ ಎಷ್ಟನೆಯ ಮಗುವೋ. ಅವನು ನೆನೆಸಿದ ಹಾಗೆಯೇ ಮೇಲಿನಿಂದ ಶುರುಮಾಡಿ ಒಂದೊಂದು ಸಾಲಿಗೂ ಕೋಲು ಕುಟ್ಟಿದಳು. ಟಕ್. "ಇ." ಟಕ್. "ಎಫ್... ಪಿ." ಮಗಳು ಎಷ್ಟು ಚೆನ್ನಾಗಿ ನಿಲ್ಲಿಸುತ್ತಿದ್ದಳು! ಐದನೇ ಸಾಲಿನಲ್ಲಿ ಸ್ವಲ್ಪ ಮುಂದಕ್ಕೆ ಬಾಗಿ, ಹುಬ್ಬು ಗಂಟಿಕ್ಕಿ, ಸಿ ಎಂದು ಹೇಳುವ ಮೊದಲು ಒಂದು ಉಸಿರಿನಷ್ಟು ಹೊತ್ತು ಸಂಶಯಪಟ್ಟಳು. ಶರ್ಫುದ್ದೀನನಿಗೆ ಆರು ದಿನ ಹೇಳಿಕೊಟ್ಟರೂ ಈ ಸಂಶಯ ಬಂದಿರಲಿಲ್ಲ. ಇದು ಅವಳದೇ. ಎಂಟನೇ ಸಾಲು ಮುಗಿಯಿತು. ರಾಗ ಒಮ್ಮೆಯೂ ಬರಲಿಲ್ಲ. "ವೆರಿ ಗುಡ್," ಎಂದು ಐಡಾ ಚೀಟಿಯಲ್ಲಿ ಎರಡು ಕಡೆಯೂ ದೃಷ್ಟಿ ಸರಿಯಿದೆಯೆಂದು ಆರು ಬೈ ಆರು ಬರೆದು ಮುಂದಿನ ಹೆಸರಿಗೆ ಹಾಳೆ ಮಗುಚಿದಳು. ಗೆದ್ದೆ, ಎಂದು ಭೋಜರಾಜನ ಒಳಗಿನ ಮೆಡಿಕಲ್ ಮಾಸ್ಟರ್ ಅಂದುಕೊಂಡ. ಅವನ ಬೆನ್ನು ಕುರ್ಚಿಗೆ ಒರಗಿತು.

ಪ್ರಣೀತಾ ಸೌಟನ್ನು ಕೊಡಲು ಮರೆತಿದ್ದಳು. ಅದನ್ನು ಬಲಗಣ್ಣಿಗೆ ಹಾಗೇ ಒತ್ತಿ ಹಿಡಿದುಕೊಂಡು, ಕಡಲ್ಗಳ್ಳನ ವೇಷ ಹಾಕಿದ ಮಗುವಿನ ಹಾಗೆ ಕುಣಿಯುತ್ತ, ಗೆದ್ದ ಸಂಭ್ರಮದಲ್ಲಿ ಕುರ್ಚಿಗಳ ಕಡೆಗೆ ಓಡಿ ಬಂದಳು. ಭೋಜರಾಜ ಕೈ ಚಾಚಿದ. ಅವಳು ಆ ಕೈಯ ಪಕ್ಕದಲ್ಲೇ ಹಾದು ಹೋದಳು. ನಂದನನ ಮೊಣಕಾಲಿಗೆ ತನ್ನ ಎರಡು ಮೊಣಕಾಲು ತಾಗಿಸಿ ನಿಂತು, ಅವನ ತಿಳಿನೀಲಿ ಅಂಗಿಯ ತೋಳು ಹಿಡಿದು, ಗುಟ್ಟು ಹೇಳುವ ದನಿಯಲ್ಲಿ, "ಪಪ್ಪಾ, ಐ ಡಿಡ್ ಇಟ್. ನಾನು ರಾಗ ಎಳೀಲೇ ಇಲ್ಲ," ಎಂದಳು.

ನಂದನ್ ನಕ್ಕುಬಿಟ್ಟ. "ಅಯ್ಯೋ ಪುಟ್ಟಿ, ನಿಮ್ಮಪ್ಪ ಇಲ್ಲಿದಾರಲ್ಲ ಪಕ್ಕದಲ್ಲಿ!" ಹಿಂದಿನ ಸಾಲಿನ ತಾಯಂದಿರೂ ನಕ್ಕರು. ದನಿ ಬೇರೆಯದೆಂದು ತಿಳಿದು ಪ್ರಣೀತಾ ಥಟ್ಟನೆ ಸೌಟು ಇಳಿಸಿದಳು, ಅಪ್ಪನನ್ನು ಕಂಡಳು, ನಾಲಿಗೆ ಕಚ್ಚಿಕೊಂಡು ಅವನ ಹೆಗಲಿನಲ್ಲಿ ಮುಖ ಹುದುಗಿಸಿದಳು. ಅವಳ ಕೂದಲಿನಿಂದ ಎಣ್ಣೆಯ ವಾಸನೆ ಬರುತ್ತಿತ್ತು. ಒಂದು ಮೊಳ. ಒಂದು ಮೊಳದ ಆಚೆ ಅಪ್ಪನ ಮುಖ ಅವಳಿಗೆ ಇರಲಿಲ್ಲ. ನೀಲಿ ಇತ್ತು, ಎತ್ತರ ಇತ್ತು, ಮುಖ ಇರಲಿಲ್ಲ. ಎಂಟು ಸಾಲು ಅಕ್ಷರಗಳನ್ನು ಅವಳ ತಲೆಯೊಳಗೆ ತುಂಬಿಸಿ, ತನ್ನ ಮುಖವೊಂದನ್ನು ಹೊರಗೆ ನಿಲ್ಲಿಸಿಕೊಂಡಿದ್ದ ಅವನು. ಇನ್ನು ನಾಲ್ಕು ತಿಂಗಳಿಗೆ ಜೂನ್, ಊರು, ಡಾಕ್ಟರು, ಎಂದು ಒಳಗೆ ಯಾರೋ ಲೆಕ್ಕ ಹಾಕುತ್ತಿದ್ದರು. ಅನ್‌ಫಿಟ್, ವೀಸಾ, ಮೋಹಿನಿಯ ಕೆಲಸ, ಶಾಲೆ ಅರ್ಧಕ್ಕೆ ನಿಲ್ಲುವುದು, ಎಂದು ಅದೇ ದನಿ ಮತ್ತೆ ಮತ್ತೆ ಓದುತ್ತಿತ್ತು. ನಂದನ್ ಇನ್ನೂ ನಗುತ್ತಲೇ, "ರಾಗ ಅಂದ್ರೆ ಏನು ಸಾರ್? ಸಂಗೀತ ಕಲೀತಾಳಾ?" ಎಂದು ಕೇಳಿದ. ಹೌದು ಎನ್ನಬಹುದಿತ್ತು. ಅಷ್ಟು ಸುಲಭವಿತ್ತು. ಭೋಜರಾಜ ಎದ್ದು ನಿಂತ.

ಡಾಕ್ಟರಮ್ಮನ ಮೇಜಿಗೆ ಹತ್ತು ಹೆಜ್ಜೆ. ಸಾಲಿನಲ್ಲಿದ್ದ ಒಬ್ಬ ತಾಯಿ, "ಭಾಯಿ ಸಾಬ್, ಲೈನ್ ಹೈ," ಎಂದಳು. ಅವನು ಸಾರಿ ಎಂದ, ಆದರೆ ನಿಲ್ಲಲಿಲ್ಲ. ಮೇಜಿನ ಅಂಚಿಗೆ ಬಂದ ಮೇಲೆ ಯಾವ ಭಾಷೆಯಲ್ಲಿ ಹೇಳಬೇಕೆಂದು ತಿಳಿಯದೆ, ಕಾರ್ಮಿಕರ ಜೊತೆ ಆಡುವ ಹಿಂದಿಯಲ್ಲೇ ಹೇಳಿದ: "ಮೇಡಂ, ನನ್ನ ಮಗಳು ಓದಲಿಲ್ಲ. ಹೇಳಿದಳು. ನಾನು ಬಾಯಿಪಾಠ ಮಾಡಿಸಿದ್ದೇನೆ. ಎಡಗಣ್ಣಿನಲ್ಲಿ ಅವಳಿಗೆ ಏನೂ ಕಾಣುವುದಿಲ್ಲ." ಮೆಲ್ಲಗೆ ಹೇಳಬೇಕೆಂದಿದ್ದ. ಆದರೆ ಹೊನ್ನಪ್ಪ ಮಾಸ್ಟ್ರು ತೂಕ ಕೂಗಿದಷ್ಟು ಗಟ್ಟಿಯಾಗಿ ಅದು ಹಾಲಿನಲ್ಲಿ ಕೇಳಿಸಿತು. ಐಡಾಳ ಕೋಲು ಫಲಕದ ಮೇಲೆಯೇ ನಿಂತಿತು. ಹಿಂದೆ ನಗೆ ಬರುತ್ತದೆಂದು ಅವನು ಬೆನ್ನು ಬಿಗಿಹಿಡಿದು ಕಾದ. ನಗೆ ಬರಲಿಲ್ಲ. ಯಾರೋ ಒಬ್ಬರು "ಛೆ" ಎಂದರು. ಅದು ನಗೆಗಿಂತ ಆಳಕ್ಕೆ ಹೋಯಿತು.

ಡಾಕ್ಟರಮ್ಮ ಕನ್ನಡಕ ತೆಗೆದು ಅವನನ್ನು ನೋಡಿದಳು. "ಯಾಕೆ ಮಾಡಿಸಿದಿರಿ?"

"ಗೊತ್ತಿಲ್ಲ ಮೇಡಂ," ಎಂದ. ನಿಜವಾಗಿಯೂ ಆ ಕ್ಷಣ ಗೊತ್ತಿರಲಿಲ್ಲ.

ಅವಳು ಪ್ರಣೀತಾಳನ್ನು ಹತ್ತಿರ ಕರೆದು, ಮೊಣಕಾಲಿನ ನಡುವೆ ನಿಲ್ಲಿಸಿಕೊಂಡು, ತನ್ನ ಅಂಗೈಯಿಂದಲೇ ಮಗುವಿನ ಬಲಗಣ್ಣು ಮುಚ್ಚಿದಳು. ಇನ್ನೊಂದು ಕೈ ಎತ್ತಿ ಮೂರು ಬೆರಳು ತೋರಿಸಿ, ಎಷ್ಟು ಎಂದು ಕೇಳಿದಳು. ಪ್ರಣೀತಾ ಕಣ್ಣು ಕಿರಿದು ಮಾಡಿದಳು. ತಲೆಯನ್ನು ಅಪ್ಪನ ದನಿ ಬಂದ ಕಡೆಗೆ ತಿರುಗಿಸಿದಳು. ಅವಳು ಕಾಯುತ್ತಿದ್ದಾಳೆ, ತಾನು ಹೇಳಿಕೊಡುವುದನ್ನು ಕಾಯುತ್ತಿದ್ದಾಳೆ ಎಂದು ಭೋಜರಾಜನಿಗೆ ತಿಳಿಯಿತು. ಮೂರು ಎಂಬ ಮಾತು ಅವನ ನಾಲಿಗೆಯ ತುದಿಗೇ ಬಂದು ನಿಂತಿತ್ತು. ತುಟಿ ಕಚ್ಚಿ, ಮೈ ತಿರುಗಿಸಿ, ಗೋಡೆಯ ಕಡೆಗೆ ನಿಂತುಬಿಟ್ಟ. ಗೋಡೆಯ ಮೇಲೆ ಯಾವುದೋ ಮಗು ಬರೆದ ಒಂಟೆಯ ಚಿತ್ರವಿತ್ತು. ಒಂಟೆಗೆ ಐದು ಕಾಲು. ಅವನು ಕಾಲುಗಳನ್ನು ಎಣಿಸಿದ, ಮತ್ತೆ ಎಣಿಸಿದ.

"ಪಪ್ಪಾ?" ಎಂದಳು ಪ್ರಣೀತಾ.

"ನೀನೇ ಹೇಳು ಮಗಾ. ಎಂತ ಕಾಣ್ತದೋ ಅದೇ ಹೇಳು."

"ಕೈ ಉಂಟು," ಎಂದಳು ಅವಳು ಕೊನೆಗೆ. "ಬೆರಳು ಇಲ್ಲ."

ಡಾಕ್ಟರಮ್ಮ ಕಣ್ಣಿಗೆ ಸಣ್ಣ ಟಾರ್ಚು ಬಿಟ್ಟು ನೋಡಿದಳು, ಪ್ರಣೀತಾ ಕುತ್ತಿಗೆ ಓರೆ ಮಾಡುವುದನ್ನು ಗಮನಿಸಿದಳು, ಎಷ್ಟು ದಿನದಿಂದ ಎಂದು ಕೇಳಿದಳು. ಎರಡು ತಿಂಗಳಿಂದ ನನಗೆ ಗೊತ್ತು ಎಂದ ಭೋಜರಾಜ. ಅವಳಿಗೆ ಎಷ್ಟು ದಿನದಿಂದ ಹೀಗೋ ನನಗೆ ಗೊತ್ತಿಲ್ಲ ಎಂದ. ಒಂದು ಕಣ್ಣು ಸೋಮಾರಿಯಾಗಿದೆ, ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿ ಅದಕ್ಕೆ ಕೆಲಸ ಕೊಡಬೇಕಾಗಬಹುದು, ಕಣ್ಣಿನ ಡಾಕ್ಟರರಿಗೆ ತೋರಿಸಿ, ಈ ವಾರವೇ, ಎಂದಳು. "ಜೂನ್‌ನಲ್ಲಿ ಊರಿಗೆ..." ಎಂದು ಅಭ್ಯಾಸಬಲದಿಂದ ಅವನ ಬಾಯಿಂದ ಹೊರಟಿತು. "ಈ ವಾರ," ಎಂದಳು ಡಾಕ್ಟರಮ್ಮ. "ಎಂಟು ವರ್ಷಕ್ಕೆ ಸಿಕ್ಕಿದೆ. ಹತ್ತು ದಾಟಿದ್ದರೆ..." ಅಲ್ಲಿಗೆ ನಿಲ್ಲಿಸಿ ಬರೆಯತೊಡಗಿದಳು. ಐಡಾ ತಾನು ಬರೆದದ್ದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಹೊಸದನ್ನು ಬರೆದು, ತಂದೆಯ ಸಹಿ ಬೇಕೆಂದು ಪೆನ್ನು ಕೊಟ್ಟಳು. ಭೋಜರಾಜ ಸಹಿ ಹಾಕಿದ. ಕಾಗದವನ್ನು ಎತ್ತಿ, ಸಾವಿರ ಕಾಗದ ಎತ್ತಿದ ಕೈಯಿಂದಲೇ ಎತ್ತಿ, ಇದು ಎಲ್ಲಿಗೆ ಹೋಗುತ್ತದೆ ಎಂದು ಮೆತ್ತಗೆ ಕನ್ನಡದಲ್ಲೇ ಕೇಳಿದ.

ನರ್ಸಿಗೆ ಅವನ ಮಾತು ತಿಳಿಯಲಿಲ್ಲ. ಸಾಲು ಸರಿಮಾಡಲು ಒಳಗೆ ಬಂದಿದ್ದ ಖದೀಜಮ್ಮನೇ ಉತ್ತರ ಕೊಟ್ಟಳು. "ಎಲ್ಲಿಗೆ ಹೋಗುದು? ನಿಮ್ಮ ಮನೆಗೆ. ಮಕ್ಕಳ ಬ್ಯಾಗಿಗೆ ಹಾಕಿ ಕಳಿಸ್ತೇವೆ. ತಂದೆತಾಯಿ ನೋಡ್ಲಿಕ್ಕೆ ಅಲ್ವಾ ಇದು? ಹೋದ ವರ್ಷ ಅರ್ಧ ಮಕ್ಕಳು ಬಸ್ಸಲ್ಲೇ ದೋಣಿ ಮಾಡಿ ಆಡಿದ್ರು."

"ಮಿನಿಸ್ಟ್ರಿಗೆ...?"

"ಯಾವ ಮಿನಿಸ್ಟ್ರಿ ಭೋಜಣ್ಣ?"

ಅವನು ಕಾಗದವನ್ನು ಮೇಜಿನ ಮೇಲಿಟ್ಟ. ಖದೀಜಮ್ಮ ಅವನ ಮುಖ ನೋಡಿದಳು, ತಮಾಷೆಗೆ ಬಾಯಿ ತೆರೆದವಳು ಅದನ್ನು ಮುಚ್ಚಿಕೊಂಡು, "ಹೋಗಿ, ಒಂದು ಲೋಟ ನೀರು ಕುಡೀರಿ," ಎಂದಷ್ಟೇ ಹೇಳಿ ಮಕ್ಕಳ ಕಡೆಗೆ ತಿರುಗಿದಳು.

ವರಾಂಡದಲ್ಲಿ ಬಿಸಿಲು ನೆಲದ ಮೇಲೆ ಕಂಬಗಳ ನೆರಳು ಹಾಸಿತ್ತು. ಆಫೀಸಿನಿಂದ ಎರಡು ಸಲ ಫೋನು ಬಂದು ನಿಂತಿತ್ತು. ಹೊಸಬರು ಏಳು ಜನ ಇವತ್ತು ಮೆಡಿಕಲ್ಲಿಗೆ ಕಾಯುತ್ತಿದ್ದರು. ಮೋಹಿನಿಗೆ ಹೇಗೆ ಹೇಳುವುದು, ಎಲ್ಲಿಂದ ಶುರುಮಾಡುವುದು, ದೋಣಿಗಳಿಂದಲೋ, ಅದಕ್ಕೂ ಹಿಂದಿನಿಂದಲೋ ಎಂದು ಯೋಚಿಸುತ್ತ ಅವನು ಹೆಜ್ಜೆ ನಿಧಾನ ಮಾಡಿದ. ಪಕ್ಕದಲ್ಲಿ ಪ್ರಣೀತಾ ಅವನ ಕಿರುಬೆರಳು ಹಿಡಿದು, ನೆರಳಿನ ಗೆರೆ ತುಳಿಯದ ಹಾಗೆ ದಾಟಿ ದಾಟಿ ನಡೆಯುತ್ತಿದ್ದಳು. ತನ್ನ ಮೇಲೆ ಅವಳಿಗೆ ಸಿಟ್ಟು ಬಂದಿರಬಹುದು, ಅಷ್ಟು ಜನರ ಎದುರು ಹಾಗೆ ಹೇಳಿದ್ದಕ್ಕೆ ಇನ್ನೊಂದು ತಿಂಗಳು ಮಾತು ಬಿಡಬಹುದು ಎಂದುಕೊಂಡ. ಬಿಡಲಿ. ಕ್ಲಾಸಿನ ಬಾಗಿಲು ಬಂದಾಗ ಅವಳು ನಿಂತು, ಕುತ್ತಿಗೆ ಓರೆ ಮಾಡಿ ಅವನ ಮುಖವನ್ನು ಪೂರ್ತಿಯಾಗಿ ನೋಡಿದಳು.

"ಪಪ್ಪಾ."

"ಎಂತ ಮಗಾ?"

"ಆ ಲೆಟರ್ಸ್ ಎಲ್ಲ... ನಾನು ಇನ್ನು ಮರೀಬಹುದಾ?"